ಸಾಲದ ಸಂಕೋಲೆ ಬಿಡಿಸಿದ ಭಗಿನಿ: ಧನ್ಯೆ ರಾಣಿ ಮರಿಯಾ



ಫೆಬ್ರವರಿ 25ರಂದು ನಾವು ಧನ್ಯೆ ರಾಣಿ ಮರಿಯಾ ಅವರನ್ನು ಸ್ಮರಿಸುತ್ತೇವೆ. ರಕ್ತಸಾಕ್ಷಿಗಳೆಂದರೆ ರೋಮ್ ಚಕ್ರವರ್ತಿಗಳ ಕಾಲದವರು ಎಂದು ಭಾವಿಸುವ ನಮಗೆ, ನಮ್ಮ ಕಾಲದಲ್ಲೇ ನಮ್ಮ ದೇಶದ ಬಸ್ಸೊಂದರಲ್ಲಿ ಪ್ರಾಣ ತೆತ್ತ ಈ ಭಗಿನಿಯ ಬದುಕು ಕಣ್ತೆರೆಸುವಂಥದ್ದು.

ಅವರು ಹುಟ್ಟಿದ್ದು 1954ರ ಜನವರಿ 29ರಂದು, ಕೇರಳದ ಪುಲ್ಲುವಳಿಯ ರೈತ ಕುಟುಂಬದಲ್ಲಿ. ಸಂತ ಅಲ್ಫೋನ್ಸಮ್ಮನವರು ಸೇರಿದ್ದ ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯನ್ನೇ ಸೇರಿ 1974ರಲ್ಲಿ ಪ್ರಥಮ ವ್ರತ ಸ್ವೀಕರಿಸಿದರು. ಮರುವರ್ಷ ಉತ್ತರ ಪ್ರದೇಶದ ಬಿಜನೋರ್‌ಗೆ ಹೋದರು. ಮುಂದೆ ಮಧ್ಯಪ್ರದೇಶದ ಸತ್ನಾ ಸೀಮೆಯಲ್ಲಿ ದುಡಿದು, 1992ರಲ್ಲಿ ಇಂದೋರ್ ಧರ್ಮಕ್ಷೇತ್ರದ ಉದಯನಗರಕ್ಕೆ ಬಂದರು.

ಅಲ್ಲಿನ ಆದಿವಾಸಿಗಳ ಬಡತನಕ್ಕೆ ಸಾಲವೇ ದೊಡ್ಡ ಕಾರಣವಾಗಿತ್ತು. ಬಡ್ಡಿ ಸಾಲಕ್ಕೆ ಸಿಕ್ಕವನು ವರ್ಷವೆಲ್ಲ ಬೆವರು ಸುರಿಸಿದರೂ ಬೆಳೆ ಸಾಹುಕಾರನ ಪಾಲು. ಅಸಲು ಮಾತ್ರ ಹಾಗೆಯೇ ಉಳಿಯುತ್ತಿತ್ತು. ಭಗಿನಿ ಮನೆಮನೆಗೆ ನಡೆದು ಹೋದರು. ಸರ್ಕಾರದ ಯೋಜನೆಗಳನ್ನು ತಿಳಿಸಿದರು, ಬ್ಯಾಂಕಿನ ಸಾಲ ಪಡೆಯುವ ದಾರಿ ತೋರಿಸಿದರು, ಗುಂಪು ಕಟ್ಟಿ ಉಳಿತಾಯ ಮಾಡಲು ಕಲಿಸಿದರು. ಓದು ಬರಹ ಬಾರದವರು ತಮ್ಮ ಹಕ್ಕು ಕೇಳತೊಡಗಿದಾಗ, ಅವರ ದುಡಿಮೆಯಿಂದ ಕೊಬ್ಬಿದ್ದವರ ಕಣ್ಣು ಕೆಂಪಾಯಿತು. ಅನ್ನ ಕೊಟ್ಟರೆ ಯಾರೂ ಸಿಟ್ಟಾಗುವುದಿಲ್ಲ. ನ್ಯಾಯ ಕೊಡಿಸಲು ಹೊರಟರೆ ಶಿಲುಬೆ ಸಿದ್ಧವಾಗುತ್ತದೆ.

1995ರ ಫೆಬ್ರವರಿ 25ರಂದು ಇಂದೋರ್ ಕಡೆಗೆ ಹೊರಟಿದ್ದ ಬಸ್ಸಿನಲ್ಲಿ, ಪ್ರಯಾಣಿಕರ ಎದುರಿನಲ್ಲೇ, ಸಮಂದರ್ ಸಿಂಗ್ ಎಂಬ ಯುವಕ ಅವರನ್ನು ಇರಿದ. ದೇಹದ ಮೇಲೆ 50ಕ್ಕೂ ಹೆಚ್ಚು ಗಾಯಗಳಿದ್ದವು. ಆಗ ಅವರಿಗೆ 41 ವರ್ಷ.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2002ರ ರಕ್ಷಾಬಂಧನದ ಸಮಯದಲ್ಲಿ ಅವರ ಒಡಹುಟ್ಟಿದ ತಂಗಿ, ಅದೇ ಸಭೆಯ ಭಗಿನಿ ಸೆಲ್ಮಿ ಪೌಲ್, ಸೆರೆಮನೆಗೆ ಹೋಗಿ ಅಕ್ಕನನ್ನು ಕೊಂದವನ ಕೈಗೆ ರಾಖಿ ಕಟ್ಟಿದರು. ಅವನ ಬಿಡುಗಡೆಗಾಗಿ ಮನೆಯವರೇ ಬೇಡಿಕೊಂಡರು. 2006ರಲ್ಲಿ ಅವನಿಗೆ ಬಿಡುಗಡೆಯಾಯಿತು. ಬಳಿಕ ಅವನು ಕೇರಳದ ಆ ಮನೆಗೇ ಹೋಗಿ ಕ್ಷಮೆ ಕೋರಿದ. ಮಗಳ ರಕ್ತ ಹರಿಸಿದ್ದ ಕೈಗಳಿಗೆ ಆ ತಾಯಿ ಮುತ್ತಿಟ್ಟರು. 2017ರ ನವೆಂಬರ್ 4ರಂದು ಇಂದೋರ್‌ನಲ್ಲಿ ಧರ್ಮಸಭೆಯು ರಾಣಿ ಮರಿಯಾ ಅವರನ್ನು ಧನ್ಯರೆಂದು ಘೋಷಿಸಿತು.

ಪ್ರಿಯರೇ, ಗದ್ದೆಯ ಬದುವಿಗಾಗಿ, ಆಸ್ತಿಯ ಪಾಲಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ? ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸಿ, ಬಾಗಿಲಲ್ಲಿ ಮುಖ ತಿರುಗಿಸಿ ಹೋಗುವ ನಮಗೆ ಆ ತಾಯಿಯ ಮುತ್ತು ಒಂದು ಪ್ರಶ್ನೆ. ಕೂಲಿಯವರ ಸಂಬಳ ಹಿಡಿದಿಟ್ಟುಕೊಳ್ಳುವ, ನೆರೆಯವರ ಕಷ್ಟದಲ್ಲಿ ಬಡ್ಡಿ ಎಣಿಸುವ ನಮಗೆ ಆ ಭಗಿನಿಯ ಬದುಕೂ ಒಂದು ಪ್ರಶ್ನೆ. ಈ ತಪಸ್ಸುಕಾಲದಲ್ಲಿ ಒಬ್ಬರ ಸಾಲವನ್ನಾದರೂ ಹಗುರ ಮಾಡೋಣ, ಒಬ್ಬರೊಡನೆಯಾದರೂ ರಾಜಿಯಾಗೋಣ. ಅದಕ್ಕೆ ಬೇಕಾದ ಬಲವನ್ನು ಯೇಸುಸ್ವಾಮಿ ನಮಗೆ ಕರುಣಿಸಲಿ.