ಕೇಳಿದವರಿಗೆ ಹೇಳಿದವರು: ಅಕ್ಷರ ಜೋಡಸೋ ಮಂದಿಯ ಕಥಿ



ನಾನು ಮನ್ಯಾಗ ಕೂತು ಗಣಿತದ ಪ್ರಶ್ನೆಪತ್ರಿಕೆ, ಮಾಸ್ತರ ಮಂದಿ ಬರದ ಪುಸ್ತಕ ಎಲ್ಲಾ ಕಂಪ್ಯೂಟರಿನ್ಯಾಗ ಜೋಡಿಸಿ ಕೊಡೂದು ನಿಮಗ ಗೊತ್ತೇ ಅದ. "ಇದನ್ನ ಎಲ್ಲಿ ಕಲತಿ? ಯಾವ ಕ್ಲಾಸಿಗೆ ಹೋಗಿದ್ದಿ?" ಅಂತ ಭಾಳ ಮಂದಿ ಕೇಳ್ತೀರಿ. ಯಾವ ಕ್ಲಾಸಿಗೂ ಹೋಗಿಲ್ಲ. ಕೇಳಿ ಕಲತದ್ದು. ಮಾರಿ ನೋಡಲಾರದ ಮಂದೀನ್ನ ಕೇಳೀನಿ, ಅವರು ಒಂದು ರೂಪಾಯಿ ತಗೊಳ್ಳದ ಹೇಳಿಕೊಟ್ಟಾರ. ಇದೇನು ನನ್ನೊಬ್ಬಾಕಿಯ ಪುಣ್ಯ ಅಲ್ಲ. ಹಿಂಗ ಕೇಳೂದು, ಹೇಳೂದು ಒಂದು ಪದ್ಧತಿ ಆಗಿ ನಿಂತದ್ದರ ಹಿಂದ ದೊಡ್ಡ ಇತಿಹಾಸನ ಅದ. ಇವತ್ತ ಅದನ್ನ ಹೇಳ್ತೀನಿ.

ಮೊದಲಿಗೆ ಮೊಳೆ ಅಚ್ಚಿನ ಕಾಲ ನೆನಪು ಮಾಡ್ಕೋರಿ. ಸೀಸದ ಒಂದೊಂದ ಅಕ್ಷರ ಆರಿಸಿ, ಸಾಲು ಜೋಡಿಸಿ, ಪುಟ ಕಟ್ಟೂ ಕೆಲಸ ಅದು. ಗಣಿತದ ಪುಸ್ತಕ ಅಂದ್ರ ಇನ್ನೂ ತ್ರಾಸ. ಮ್ಯಾಲೊಂದು ಸಣ್ಣ ಅಂಕಿ, ಕೆಳಗೊಂದು ಸಣ್ಣ ಅಂಕಿ, ನಡುವ ಗೆರಿ. ಅದನ್ನ ಬಲ್ಲ ಕೆಲಸಗಾರರು ಕಡಿಮಿ, ಖರ್ಚು ಜಾಸ್ತಿ. 1970ರ ದಶಕದಾಗ ಅಮೆರಿಕಾದಾಗ ಈ ಸೀಸದ ಪದ್ಧತಿ ಹೋಗಿ, ಫೋಟೋ ತಗದು ಅಕ್ಷರ ಮೂಡಸೋ ಯಂತ್ರಗೋಳು ಬಂದ್ವು. ಅಗ್ಗ ಆತು ಖರೇ, ಆದ್ರ ಗಣಿತದ ಪುಟದ ಅಂದ ಹೋತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಾಗ ಡೊನಾಲ್ಡ್ ಕನೂತ್ ಅಂತ ಪ್ರಾಧ್ಯಾಪಕರು. ಕಂಪ್ಯೂಟರಿಗೆ ಕೆಲಸ ಹೇಳಿಕೊಡೂ ವಿದ್ಯಾದ ಬಗ್ಗೆ ಅವರು ದೊಡ್ಡ ದೊಡ್ಡ ಸಂಪುಟ ಬರಿಲಿಕ್ಕತ್ತಿದ್ರು. 1977ರಾಗ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕೈಗೆ ಬಂತು. ನೋಡಿದ್ರ ಅಕ್ಷರ ಒಂದೂ ಮನಸ್ಸಿಗೆ ಬರಲಿಲ್ಲ. ಇಷ್ಟು ವರ್ಷ ಕಷ್ಟಪಟ್ಟು ಬರದ ಪುಸ್ತಕ ಹಿಂಗ ಕಾಣಬೇಕಾ ಅಂತ ಅನಿಸಿ, ಅಕ್ಷರ ಜೋಡಸೋ ತಂತ್ರಾಂಶ ತಾವೇ ಬರೀಲಿಕ್ಕೆ ಕೂತರು. ಅದರ ಹೆಸರು ಟೆಕ್. ಬ್ಯಾಸಿಗಿಯೊಳಗ ಅವರು ಚೀನಾಕ್ಕ ಹೋದಾಗ, ಮೈಕಲ್ ಪ್ಲಾಸ್ ಮತ್ತ ಫ್ರ್ಯಾಂಕ್ ಲಿಯಾಂಗ್ ಅಂತ ಇಬ್ಬರು ವಿದ್ಯಾರ್ಥಿಗಳು ಮೊದಲನೇ ಮಾದರಿ ಮಾಡಿ ನೋಡಿದ್ರು. ಈ ಲಿಯಾಂಗ್ ಹೆಸರು ನೆನಪಿಟ್ಕೋರಿ, ಕಡೀಗೆ ನಮ್ಮ ಕನ್ನಡದ ಹತ್ರ ಬಂದಾಗ ಮತ್ತ ಬರ್ತದ. ಸ್ವಲ್ಪ ದಿವಸದಾಗ ಮುಗದು ಹೋಗ್ತದ ಅಂತ ಹಿಡಿದ ಕೆಲಸ ಹತ್ತು ವರ್ಷಕ್ಕೂ ಮಿಕ್ಕಿ ಹಿಡೀತು. ಆದ್ರ ಕನೂತ್ ಅವರು ಅದನ್ನ ಮಾರಲಿಲ್ಲ. ಯಾರು ಬೇಕಾದ್ರೂ ತಗೊಳ್ರಿ, ಬಳಸ್ರಿ ಅಂತ ಕೊಟ್ಟುಬಿಟ್ರು.

ಟೆಕ್ ಕೆಲಸ ಮಾಡೋ ರೀತೀನ ಬ್ಯಾರೆ. ನಾವು ಪತ್ರ ಟೈಪ್ ಮಾಡೋ ತಂತ್ರಾಂಶದಾಗ ಅಕ್ಷರ ಹೊಡದಂಗ ಪುಟ ಕಣ್ಣಮುಂದ ಕಾಣ್ತದ. ಟೆಕ್‌ನ್ಯಾಗ ಹಂಗಲ್ಲ. ಮೊದಲ ಚೀಟಿ ಬರದಂಗ ಎಲ್ಲಾ ಸೂಚನಾ ಬರೀಬೇಕು: ಇದು ತಲಿಬರಹ, ಇಲ್ಲಿಂದ ಗಣಿತ ಚಾಲೂ, ಇಲ್ಲಿಗೆ ಮುಗೀತು. ಆಮ್ಯಾಲೆ ಯಂತ್ರ ಆ ಚೀಟಿ ಓದಿ ಪುಟ ಕಟ್ಟಿ ಕೊಡ್ತದ. ಗಣಿತ ಎಲ್ಲಿಂದ ಎಲ್ಲೀತನಕಾ ಅಂತ ತೋರಸಲಿಕ್ಕೆ ಡಾಲರ್ ಗುರುತು ಇಡ್ತೀವಿ. ಯಾಕಂದ್ರ ಗಣಿತ ಅಚ್ಚು ಹಾಕೂದು ಮೊದಲಿಂದನೂ ತುಟ್ಟಿ ಕೆಲಸ ಅಂತ ಕನೂತ್ ಅವರು ಚೇಷ್ಟಿ ಮಾಡ್ಯಾರ. ಒಂದು ಕಂಸ ಮುಚ್ಚೂದು ಬಿಟ್ರ, ರಂಗೋಲ್ಯಾಗ ಒಂದು ಚುಕ್ಕಿ ತಪ್ಪಿ ಎಳಿ ಎಲ್ಲಾ ತಪ್ಪಿದಂಗ ಆಗ್ತದ. ಯಂತ್ರ ತಪ್ಪು ತೋರಸ್ತದ ಖರೇ, ಆದ್ರ ತಪ್ಪು ಆದ ಜಾಗಾದಾಗಲ್ಲ, ತನಗ ಗೊತ್ತಾದ ಜಾಗಾದಾಗ. ಅದು ಹತ್ತು ಸಾಲು ಕೆಳಗ ಇರಬಹುದು. ಹಂಗಾಗಿ ಇದನ್ನ ಒಬ್ಬರ ಕೂತು ಕಲಿಯೂದು ಕಷ್ಟ. ಇನ್ನೊಬ್ಬರ ಕಣ್ಣು ಬೇಕೇ ಬೇಕು.

ಆ ಇನ್ನೊಬ್ಬರು ಸಿಕ್ಕದ್ದು ಹೆಂಗ ಅಂದ್ರ, 1978ರಾಗ ಕನೂತ್ ಅವರು ಅಮೆರಿಕಾದ ಗಣಿತ ಸಂಘದ ಸಭಾದಾಗ ಈ ವಿಷಯ ಮಾತಾಡಿದ್ರು. ವರ್ಷಕ್ಕ ಸಾವಿರಾರು ಪುಟ ಗಣಿತ ಅಚ್ಚು ಹಾಕಸೋ ಆ ಸಂಘಕ್ಕ ಇದು ಬೇಕಾಗಿದ್ದ ವಸ್ತುನ. ಮುಂದಿನ ವರ್ಷ ಸಂಘದ ಕೆಲವರು ಸ್ಟ್ಯಾನ್‌ಫರ್ಡಿಗೆ ಹೋಗಿ ಕಲತು ಬಂದ್ರು. ಅವರೊಳಗ ಒಬ್ಬರು ಬಾರ್ಬರಾ ಬೀಟನ್ ಅಂತ ಹೆಣ್ಮಗಳು. 1980ರಾಗ ಟೆಕ್ ಬಳಸೋ ಮಂದಿ ಸೇರಿ ತಮ್ಮದೇ ಒಂದು ಬಳಗ ಕಟ್ಟಿದ್ರು. ಅದೇ ವರ್ಷ ಅಕ್ಟೋಬರದಾಗ ಅವರ ಪತ್ರಿಕಾ 'ಟಗ್‌ಬೋಟ್' ಶುರು ಆತು. ಆಗ ಒಂದೊಂದು ಊರಾಗ ಒಂದೊಂದು ನಮೂನಿ ಕಂಪ್ಯೂಟರ್. ಒಂದರ ಮ್ಯಾಲೆ ನಡದದ್ದು ಇನ್ನೊಂದರ ಮ್ಯಾಲೆ ನಡೀತಿರಲಿಲ್ಲ. "ನಮ್ಮ ಯಂತ್ರದ ಮ್ಯಾಲೆ ಹಿಂಗ ಮಾಡಿದ್ವಿ, ನಡೀತು" ಅಂತ ಒಬ್ಬರು ಬರದ್ರ, ಹತ್ತು ಊರಿನವರಿಗೆ ದಾರಿ ಆಗ್ತಿತ್ತು. ಬೀಟನ್ ಅವರು ಆ ಪತ್ರಿಕಾಕ್ಕ ದಶಕಗಟ್ಟಲೆ ಸಂಪಾದಕಿ ಆಗಿದ್ರು.

ಅವರ ಇನ್ನೊಂದು ಕೆಲಸ ನನಗ ಭಾಳ ದೊಡ್ಡದು ಅನಸ್ತದ. ಕನೂತ್ ಅವರು 1990ರ ಮೊದಲನೇ ದಿವಸದಿಂದ ಇ-ಮೇಲ್ ಬಳಸೂದನ್ನ ಬಿಟ್ಟುಬಿಟ್ರು, ಪುಸ್ತಕ ಬರೀಲಿಕ್ಕೆ ವ್ಯಾಳ್ಯಾ ಬೇಕು ಅಂತ. ಹಂಗಿದ್ರ ಟೆಕ್‌ನ್ಯಾಗ ತಪ್ಪು ಸಿಕ್ರ ಯಾರಿಗೆ ಹೇಳೂದು? ಜಗತ್ತಿನ ಮಂದಿ ಕಳಸಿದ ದೂರೆಲ್ಲಾ ಬೀಟನ್ ಅವರ ಕಡೆ ಕೂಡ್ತಿದ್ವು. ಖರೇ ತಪ್ಪು ಯಾವುದು, ಕೇಳಿದವರಿಗೆ ತಿಳೀಲಾರದ್ದು ಯಾವುದು ಅಂತ ಬಲ್ಲವರ ಕೈಲೆ ನೋಡಿಸಿ, ಅಕ್ಕಿ ಆರಿಸಿದಂಗ ಆರಿಸಿ, ಕೆಲವು ವರ್ಷಕ್ಕೊಮ್ಮೆ ಒಟ್ಟಿಗೆ ಕನೂತ್ ಅವರಿಗೆ ಕಳಸ್ತಿದ್ರು. ಮನಿ ನಡಸೋ ಹೆಣ್ಮಕ್ಕಳ ಕೆಲಸ ಹೆಂಗ ಎದ್ದು ಕಾಣೂದಿಲ್ಲೋ ಇದೂ ಹಂಗ. ಅದು ನಿಂತ ದಿವಸ ಮಾತ್ರ ಎಲ್ಲಾರಿಗೂ ಗೊತ್ತಾಗ್ತದ.

ಕನೂತ್ ಅವರದೊಂದು ಪದ್ಧತಿನೂ ಹೇಳಬೇಕು. ಅವರ ಪುಸ್ತಕದಾಗ ತಪ್ಪು ಹುಡುಕಿದವರಿಗೆ 2008ರ ತನಕಾ 2 ಡಾಲರ್ 56 ಸೆಂಟ್‌ನ ಚೆಕ್ ಕೊಡ್ತಿದ್ರು. ಟೆಕ್ ತಂತ್ರಾಂಶದಾಗಿನ ತಪ್ಪಿಗೆ ಬಹುಮಾನ ವರ್ಷಾ ವರ್ಷಾ ದುಪ್ಪಟ್ಟಾಗಿ 327 ಡಾಲರ್ 68 ಸೆಂಟ್‌ಗೆ ಬಂದು ನಿಂತಿತು. ಭಾಳ ಮಂದಿ ಆ ಚೆಕ್ ಬ್ಯಾಂಕಿಗೆ ಹಾಕ್ತಿರಲಿಲ್ಲ, ಕಟ್ಟು ಹಾಕಿಸಿ ಗ್ವಾಡಿಗೆ ತೂಗು ಹಾಕ್ತಿದ್ರು. 1989ರಾಗ ಅವರು ಟೆಕ್ ಬರೆಯುವಾಗ ಆದ ತಪ್ಪುಗಳ ಪಟ್ಟಿನ ಲೇಖನ ಮಾಡಿ ಛಾಪಿಸಿದ್ರು, ಎಂಟುನೂರಕ್ಕೂ ಹೆಚ್ಚು. ಅಷ್ಟು ದೊಡ್ಡ ಮನಷ್ಯಾ ತನ್ನ ತಪ್ಪಿನ ಲೆಕ್ಕ ಎಲ್ಲಾರ ಮುಂದ ಇಟ್ಟಮ್ಯಾಲೆ, ಅವರ ಹಿಂದ ಬಂದವರಿಗೆ "ನನಗ ಇದು ಬರವಲ್ದು" ಅನ್ನಲಿಕ್ಕೆ ನಾಚಿಕಿ ಯಾಕ? ಈ ಬಳಗಕ್ಕ ಆ ಗುಣ ಬಂದದ್ದು ಅಲ್ಲಿಂದನ ಅಂತ ನನ್ನ ವಿಚಾರ.

1980ರ ದಶಕದಾಗ ಲೆಸ್ಲಿ ಲ್ಯಾಂಪೋರ್ಟ್ ಅನ್ನೋವರು ಟೆಕ್ ಮ್ಯಾಲೆ ಲೇಟೆಕ್ ಅಂತ ಒಂದು ಸುಲಭ ಪದರ ಕಟ್ಟಿದ್ರು, 1986ರಾಗ ಅದರ ಪುಸ್ತಕಾನೂ ಬಂತು. ಅಧ್ಯಾಯ, ಪಟ್ಟಿ, ಕೋಷ್ಟಕ ಎಲ್ಲಾ ಒಂದೊಂದು ಮಾತಿನ್ಯಾಗ ಆಗೋಹಂಗ ಆತು. ಬಳಸೋರು ಹೆಚ್ಚಾದ್ರು, ಕೇಳೋರೂ ಹೆಚ್ಚಾದ್ರು. ಕೇಳಿದ್ದನ್ನ ಮತ್ತ ಮತ್ತ ಕೇಳೂದು ಶುರು ಆತು. ಆಗ ಇಂಗ್ಲೆಂಡಿನ ಟೆಕ್ ಬಳಗದವರು ಆ ಪ್ರಶ್ನೆಗೋಳನ್ನ ಉತ್ತರದ ಜೋಡಿ ಒಂದ ಕಡೆ ಕೂಡಿಸಿದ್ರು. ಕೇಂಬ್ರಿಜ್‌ನ ರಾಬಿನ್ ಫೇರ್‌ಬೇರ್ನ್ಸ್ ಅನ್ನೋವರು ಅದನ್ನ ವರ್ಷಗಟ್ಟಲೆ ತಿದ್ದಿ ತೀಡಿ ಇಟ್ರು.

ಒಬ್ಬೊಬ್ಬರು ತಮ್ಮ ಅಡಚಣಿಗೆ ಮಾಡ್ಕೊಂಡ ಸಣ್ಣ ಸಣ್ಣ ಸಲಕರಣಿಗೋಳೂ ಇದ್ವು: ಚದುರಂಗದ ಹಲಗಿ ಬಿಡಸೂದು, ಸಂಗೀತದ ಸ್ವರ ಬರಿಯೂದು, ಬ್ಯಾರೆ ಲಿಪಿ ಮೂಡಸೂದು. ಅವು ಎಲ್ಲೆಲ್ಲೋ ಚದುರಿ ಬಿದ್ದಿದ್ವು. 1990ರ ದಶಕದ ಮೊದಲಿಗೆ ಜರ್ಮನಿ, ಇಂಗ್ಲೆಂಡ್, ಅಮೆರಿಕಾದ ಮಂದಿ ಕೂಡಿ ಅವೆಲ್ಲಾ ಒಂದ ಕಡೆ ಇಡೋ ಭಂಡಾರ ಮಾಡಿದ್ರು. ಅದಕ್ಕ ಸಿಟ್ಯಾನ್ ಅಂತಾರ. ನಮ್ಮ ಕಡೆ ಹಿಂದಕ ಜ್ವಾಳ ತುಂಬಿ ಇಡ್ತಿದ್ದ ಹಗೇವು ಇದ್ವಲ್ಲ, ಇದು ಇಡೀ ಊರಿಗೆ ಒಂದ ಹಗೇವು ಇದ್ದಂಗ. ಯಾರು ಬೇಕಾದ್ರೂ ತುಂಬಬಹುದು, ಯಾರು ಬೇಕಾದ್ರೂ ತಗೀಬಹುದು.

ಕೇಳೂ ಪದ್ಧತಿನೂ ಹಿಂಗ ನಿಧಾನಕ್ಕ ಕೂಡಿ ಬಂತು. "ಸಾರು ಕೆಟ್ಟದ, ಏನು ಮಾಡ್ಲಿ?" ಅಂದ್ರ ನಾವು ಏನು ಹೇಳಲಿಕ್ಕೆ ಬರ್ತದ? ಬ್ಯಾಳಿ ಯಾವುದು, ನೀರೆಷ್ಟು, ಹುಣಸಿಹಣ್ಣು ಯಾವಾಗ ಹಾಕಿದಿ ಅಂತ ಗೊತ್ತಾಗಬೇಕು. ಈ ಬಳಗದಾಗನೂ ಅಷ್ಟ. ಇನ್ನೂರು ಪುಟದ ಪುಸ್ತಕ ಪೂರಾ ಅವರ ಮುಂದ ಸುರಿಯೂದಲ್ಲ. ಅರ್ಧ ತಗದು ನೋಡೂದು, ತಪ್ಪು ಇನ್ನೂ ಅದನೋ ಇಲ್ಲೋ. ಇದ್ರ ಮತ್ತ ಅರ್ಧ ತಗಿಯೂದು. ಹಿಂಗ ಮಾಡಿ ಹತ್ತು ಹನ್ನೆರಡು ಸಾಲಿಗೆ ಇಳಿಸಿ, ಅವರೂ ತಮ್ಮ ಕಂಪ್ಯೂಟರಿನ್ಯಾಗ ನಡಿಸಿ ಅದೇ ತಪ್ಪು ನೋಡೋಹಂಗ ಕೊಡಬೇಕು. ಎಷ್ಟೋ ಸಲ ಹಿಂಗ ಇಳಸೂಮುಂದನ ತಪ್ಪು ನಮ್ಮ ಕೈಗೆ ಸಿಗ್ತದ, ಕೇಳೋ ಪ್ರಸಂಗನ ಬರೂದಿಲ್ಲ. ಹೇಳೋರ ಒಳಗೂ ಎಲ್ಲಾರೂ ಸವಿ ಮಾತಿನವರಲ್ಲ. "ಪುಸ್ತಕ ಓದಿ ಬಾ" ಅಂತ ಗದರಸೋರೂ ಇದ್ದಾರ. ಹೊಸಬರು ಅದಕ್ಕ ಅಂಜಿ ಬಿಟ್ಟುಬಿಡ್ತಾರ, ಅದರಾಗೂ ನಮ್ಮಂಥ ಹೆಣ್ಮಕ್ಕಳು. ಅಂಥಲ್ಲಿ ಗದರಿಸಿದವರ ಮಾತು ಬಿಟ್ಟು, ಪಕ್ಕದಾಗ ಸಮಾಧಾನಲೇ ಹೇಳಿದವರ ಮಾತು ಹಿಡಿಬೇಕು. ಅಂಥವರು ಇದ್ದೇ ಇರ್ತಾರ.

ಈಗ ನಮ್ಮ ಕನ್ನಡಕ್ಕ ಬರೋಣ. ಟೆಕ್ ಹುಟ್ಟಿದ್ದು ಇಂಗ್ಲಿಷಿಗೆ. ನಮ್ಮ ಲಿಪಿಯೊಳಗ ಒತ್ತು ಅವ, ದೀರ್ಘ ಅವ. 'ಅರ್ಥ' ಅನ್ನೋ ಮಾತಿನ್ಯಾಗ ರಕಾರ ಮೊದಲ ನುಡೀತೀವಿ, ಬರಿಯೂದು ಮಾತ್ರ ಥಕಾರದ ಮುಂದ. ಇದನ್ನ ಆ ಯಂತ್ರಕ್ಕ ತಿಳಿಸಿ ಹೇಳೋರು ಬೇಕಾಗಿತ್ತು. ಮೊದಮೊದಲ ಕನ್ನಡವನ್ನ ಇಂಗ್ಲಿಷ್ ಅಕ್ಷರದಾಗ ಹೊಡದು, ಇನ್ನೊಂದು ಸಣ್ಣ ತಂತ್ರಾಂಶದ ಕೈಲೆ ಅದನ್ನ ಕನ್ನಡಕ್ಕ ತಿರುಗಿಸಿ, ಆಮ್ಯಾಲೆ ಟೆಕ್‌ಗೆ ಕೊಡಬೇಕಾಗ್ತಿತ್ತು. 2004ರಾಗ ಜೊನಾಥನ್ ಕ್ಯೂ ಅನ್ನೋವರು ಝೀಟೆಕ್ ಮಾಡಿದ ಮ್ಯಾಲೆ, ನಾವು ಮೊಬೈಲಿನ್ಯಾಗ ಬರಿಯೋ ಯೂನಿಕೋಡ್ ಕನ್ನಡ ಹಂಗ ಹಂಗೇ ಕೊಡೋ ದಾರಿ ಆತು.

ಇನ್ನೊಂದು ತೊಡಕು ಉಳದಿತ್ತು: ಸಾಲಿನ ಕಡೀಗೆ ಉದ್ದ ಮಾತು ಎಲ್ಲಿ ಒಡೀಬೇಕು ಅನ್ನೂದು. 'ವಸ್ತ್ರ' ಅನ್ನೂದನ್ನ 'ವಸ್' ಅಂತ ಒಂದು ಸಾಲಿನ್ಯಾಗ, 'ತ್ರ' ಅಂತ ಇನ್ನೊಂದರಾಗ ಒಡದ್ರ ಓದೋರು ಎಡವತಾರ. ಅಕ್ಷರ ಮತ್ತ ಅದರ ಒತ್ತು ಗಂಡ ಹೆಂಡ್ತಿ ಇದ್ದಂಗ, ಅಗಲಸಬಾರದು. ಇಂಗ್ಲಿಷ್ ಮಾತು ಒಡಿಯೋ ವಿಧಾನ ಹುಡುಕಿದವರು ಮೊದಲು ಹೇಳಿದ ಆ ಫ್ರ್ಯಾಂಕ್ ಲಿಯಾಂಗ್, 1983ರ ತಮ್ಮ ಪ್ರಬಂಧದಾಗ. ಅದೇ ವಿಧಾನದ ಮ್ಯಾಲೆ ಕನ್ನಡಕ್ಕ ನಿಯಮ ಬರದು ಆ ಭಂಡಾರಕ್ಕ ಹಾಕಿದವರು ಸಂತೋಷ್ ತೋಟ್ಟಿಂಗಲ್, ಕೇರಳದವರು. ಮಲಯಾಳಂ ಕೆಲಸ ಮಾಡೂಮುಂದ ಬ್ಯಾರೆ ಭಾರತೀಯ ಭಾಷಾಕ್ಕೂ ಮಾಡಿಕೊಟ್ರು, ಕನ್ನಡನೂ ಅದರಾಗ ಬಂತು. ಕೇರಳದಾಗ ಟೆಕ್ ಬಳಗ ಮೊದಲಿಂದನೂ ಗಟ್ಟಿ ಅದ. 2002ರಾಗ ಜಗತ್ತಿನ ಟೆಕ್ ಬಳಗದವರ ವಾರ್ಷಿಕ ಸಭಾ ಭಾರತಕ್ಕ ಬಂದಾಗ ಸೇರಿದ್ದೂ ತಿರುವನಂತಪುರದಾಗ.

ಇವತ್ತ ನಾನು ಒಂದು ಕನ್ನಡ ಪುಸ್ತಕದ ಪುಟ ಕಟ್ಟಿದ್ರ, ಅದರ ಬಲಗಡೆ ಅಂಚು ನೇರ ಬರೂದಕ್ಕ ಸ್ಟ್ಯಾನ್‌ಫರ್ಡಿನ ಒಬ್ಬ ವಿದ್ಯಾರ್ಥಿಯ ವಿದ್ಯಾನೂ ಬೇಕಾಗ್ತದ, ಒಬ್ಬ ಮಲಯಾಳಿ ತಮ್ಮನ ಬಿಡುವಿನ ವ್ಯಾಳ್ಯಾನೂ ಬೇಕಾಗ್ತದ. ಇವರು ಯಾರೂ ನನಗ ಬಿಲ್ ಕಳಿಸಿಲ್ಲ. ಹೆಪ್ಪಿಗೆ ಮಸರು ಇಸ್ಕೊಂಡವರು ಮತ್ತ ಅದೇ ಮನಿಗೆ ಮಸರು ಕೊಟ್ಟು ತೀರಸೂದಿಲ್ಲಲ್ರೀ, ಮುಂದ ಯಾರು ಬಟ್ಟಲಾ ಹಿಡ್ಕೊಂಡು ಬರ್ತಾರೋ ಅವರಿಗೆ ಕೊಡ್ತೀವಿ. ಇಲ್ಲೂ ಅದೇ ಲೆಕ್ಕ. ಆದ್ರ ಈ ಲೆಕ್ಕ ತಪ್ಪೋ ಅಂಜಿಕಿನೂ ಅದ. ನಲವತ್ತು ವರ್ಷದ ಹಿಂದ ಹೇಳಿಕೊಡಲಿಕ್ಕೆ ಕೂತವರಿಗೆ ಈಗ ವಯಸ್ಸಾಗ್ಯಾವ. ಎಲ್ಲಾರೂ ಬರೇ ತಗೊಂಡು ಹೋದ್ರ ಹಗೇವು ಬರಿದಾಗ್ತದ. ಕನ್ನಡದ ಅಡಚಣಿ ಕನ್ನಡದವರು ಕೇಳದಿದ್ರ, ಇಲ್ಲೊಂದು ಅಡಚಣಿ ಅದ ಅಂತನ ಯಾರಿಗೂ ಗೊತ್ತಾಗೂದಿಲ್ಲ.

ಹಂಗಾಗಿ ಮನ್ಯಾಗ ಓದಿದ ಹೆಣ್ಮಕ್ಕಳು, ಸೊಸಿ ಮಂದಿ ಇದ್ರ ಹೇಳ್ರಿ: ಒಂದು ಒತ್ತಕ್ಷರ ಕೆಟ್ಟು ಕಂಡ್ರ ಸುಮ್ಮ ಕೂಡಬ್ಯಾಡ, ಹತ್ತು ಸಾಲಿಗೆ ಇಳಿಸಿ ಕೇಳು. ಉತ್ತರ ಸಿಕ್ಕ ಮ್ಯಾಲೆ ಅದನ್ನ ಬರದಿಡು, ನಾಳೆ ಇನ್ನೊಬ್ಬಾಕಿ ಕೇಳಿಕೋತ ಬರ್ತಾಳ. ಆಕಿಗೆ ಹೇಳು, ಗದರಸಬ್ಯಾಡ.