ಬೋರೆ ಮರದ ಊರು, ನೀರಿನ ಬೆಟ್ಟ

ಮರಾಠಿಯ ‘ಬೋರ್’ ಎಂದರೆ ನಮ್ಮ ಬೋರೆ ಹಣ್ಣು, ಎಲಚಿ. ಮುಂಬಯಿಯ ಉಪನಗರ ಬೊರಿವಲಿಗೆ ಆ ಮರಗಳಿಂದಲೇ ಹೆಸರು ಬಂತೆಂದು ಹಳಬರು ಹೇಳುತ್ತಾರೆ. 1867ರ ಏಪ್ರಿಲ್‌ 12ರಂದು ವಿರಾರ್‌ನಿಂದ ಬ್ಯಾಕ್‌ಬೇಗೆ ಮೊದಲ ಉಪನಗರ ರೈಲು ಹೊರಟಾಗ ಬೊರಿವಲಿ ಗದ್ದೆ, ತಾಳೆಮರಗಳ ಹಳ್ಳಿ. ಈಗ ಹೆದ್ದಾರಿಯ ಪಶ್ಚಿಮಕ್ಕೆ ಬಹುಮಹಡಿ ಕಟ್ಟಡಗಳ ಸಾಲು, ಪೂರ್ವಕ್ಕೆ ಸುಮಾರು 100 ಚದರ ಕಿಲೋಮೀಟರ್‌ ಕಾಡು: ಸಂಜಯ್‌ ಗಾಂಧಿ ರಾಷ್ಟ್ರೀಯ ಉದ್ಯಾನ. ಭಾನುವಾರ ಬುತ್ತಿ ಕಟ್ಟಿಕೊಂಡು ಬರುವ ಕುಟುಂಬಗಳಿಗೆ ಇದು ಒಂದು ದಿನದ ಪ್ರವಾಸ.

ಈ ಹಸಿರು ಉಳಿದದ್ದು ಹೇಗೆ? ಉತ್ತರ ನೀರಿನಲ್ಲಿದೆ.

ಆ ನೀರಿನ ಕತೆ ಹಳೆಯದು. ಉದ್ಯಾನದ ಗೇಟಿನಿಂದ ಸುಮಾರು 6 ಕಿಲೋಮೀಟರ್‌ ಒಳಗೆ ಕಾನ್ಹೇರಿಯ ಗುಹೆಗಳಿವೆ. ಕೃಷ್ಣಗಿರಿ ಎಂಬ ಹೆಸರೇ ಸವೆದು ಕಾನ್ಹೇರಿಯಾಗಿದೆ. ಕಪ್ಪು ಬಂಡೆಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳನ್ನು ಬೌದ್ಧ ಭಿಕ್ಷುಗಳಿಗಾಗಿ ಶತಮಾನಗಳ ಕಾಲ ಕೊರೆದರು. ಸೋಪಾರಾ, ಕಲ್ಯಾಣ ಬಂದರುಗಳ ವರ್ತಕರು ಹಣ ಕೊಟ್ಟರು, ಹೊಲ ಬಿಟ್ಟುಕೊಟ್ಟರು, ನೀರಿನ ತೊಟ್ಟಿ ತೋಡಿಸಿದರು. ಅದನ್ನೆಲ್ಲ ಶಾಸನಗಳಲ್ಲಿ ಬರೆಸಿದರು.

ಆ ತೊಟ್ಟಿಗಳನ್ನು ಹತ್ತಿರದಿಂದ ನೋಡಬೇಕು. ಇಳಿಜಾರು ಬಂಡೆಯ ಮೈಮೇಲೆ ಸಣ್ಣ ಕಾಲುವೆಗಳನ್ನು ಕೊರೆದಿದ್ದಾರೆ. ಮಳೆ ಬಿದ್ದರೆ ನೀರು ಅವುಗಳಲ್ಲಿ ಹರಿದು, ಗುಹೆಯ ಪಕ್ಕದ ಚೌಕದ ಬಾಯಿಂದ ನೆಲದಡಿಯ ತೊಟ್ಟಿಗೆ ಇಳಿಯುತ್ತದೆ. ಪಕ್ಕದಲ್ಲೇ ಭಿಕ್ಷು ಮಲಗುತ್ತಿದ್ದ ಕಲ್ಲಿನ ಕಟ್ಟೆ.

ಕನ್ನಡಿಗರು ತುಸು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗವೂ ಇಲ್ಲಿದೆ. 9ನೇ ಶತಮಾನದ ಮೂರು ಸಂಸ್ಕೃತ ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನು ಹೆಸರಿಸುತ್ತವೆ. ಕೊಂಕಣವನ್ನು ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಗೌಡ ದೇಶದಿಂದ ಬಂದ ಅವಿಘ್ನಾಕರ ಎಂಬವನು ಇಲ್ಲಿಗೆ 100 ದ್ರಮ್ಮ ನಾಣ್ಯಗಳನ್ನು ದಾನ ಕೊಟ್ಟ. ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ಅಮೋಘವರ್ಷನ ಆಸ್ಥಾನದಲ್ಲಿ. ಕಲಬುರಗಿ ಸೀಮೆಯ ಮಳಖೇಡದಲ್ಲಿ ಕೂತು ಆಳಿದ ಜೈನ ದೊರೆಯ ಹೆಸರು ಬೊರಿವಲಿಯ ಬೌದ್ಧ ಬೆಟ್ಟದ ಮೇಲೆ ಇಂದಿಗೂ ಉಳಿದಿದೆ.

ಸಾವಿರ ವರ್ಷ ಕಳೆದು ಬೆಟ್ಟಕ್ಕೆ ಮತ್ತೆ ನೀರಿನ ಕೆಲಸ ಬಂತು. ಮುಂಬಯಿಯ ಬಾವಿ, ಕೊಳಗಳು ಬೆಳೆಯುವ ಜನಕ್ಕೆ ಸಾಲದಾಗಿದ್ದವು. 1856ರಲ್ಲಿ ಶುರುವಾದ ವಿಹಾರ ಕೆರೆ 1860ರಲ್ಲಿ ಮುಗಿಯಿತು. 1879ರಲ್ಲಿ ತುಳಸಿ ಕೆರೆ ಬಂತು. ಕುಡಿಯುವ ನೀರು ಕೆಡಬಾರದೆಂದು ಸುತ್ತಲಿನ ಜಲಾನಯನವನ್ನು ಕಾಯಲೇಬೇಕಾಯಿತು. ಕಾಡು ಉಳಿದದ್ದು ಬಹುಪಾಲು ಇದರಿಂದ.

ಆ ಕಾಡಿನಲ್ಲೇ ಬಾಳಿದವರು ವಾರ್ಲಿ ಜನ. ಕಾರ್ವಿ ಗಿಡದ ಕಡ್ಡಿಗಳನ್ನು ಹೆಣೆದು, ಮಣ್ಣು ಮೆತ್ತಿ ಗೋಡೆ ಎಬ್ಬಿಸುವುದು ಅವರ ರೂಢಿ. ಅದೇ ಕಾರ್ವಿ 8 ವರ್ಷಕ್ಕೊಮ್ಮೆ ನೇರಳೆ ಹೂ ಬಿಡುತ್ತದೆ. 2016ರಲ್ಲಿ ಅರಳಿತ್ತು, 2024ರಲ್ಲಿ ಮತ್ತೆ ಅರಳಿತು.

ಮುಂಬಯಿಗೆ ನೀರು ಕೊಡುವ 7 ಕೆರೆಗಳಲ್ಲಿ ವಿಹಾರ, ತುಳಸಿ ಇಂದಿಗೂ ಸೇರಿವೆ. ಪ್ರತಿ ಮಳೆಗಾಲ ತುಳಸಿ ಕೋಡಿ ಬಿತ್ತೇ ಎಂದು ನಗರ ಕಾಯುತ್ತದೆ. ಅದೇ ಮಳೆ ಕಾನ್ಹೇರಿಯ ಬಂಡೆಗಾಲುವೆಗಳಲ್ಲೂ ಹರಿದು ಭಿಕ್ಷುಗಳ ತೊಟ್ಟಿಗಳಿಗೆ ಇಳಿಯುತ್ತದೆ.