ಏಟ್ರಿಯಲ್ ಫಿಬ್ರಿಲೇಶನ್‌ಗೆ ಕ್ಯಾಥೆಟರ್ ಅಬ್ಲೇಶನ್ ಚಿಕಿತ್ಸೆ: ಹೃದಯ ನಕ್ಷೆ ತಂತ್ರಜ್ಞಾನಗಳ ತುಲನಾತ್ಮಕ ಮಾಹಿತಿ

1. ಪೀಠಿಕೆ

ಏಟ್ರಿಯಲ್ ಫಿಬ್ರಿಲೇಶನ್ ಎಂಬ ಹೃದಯದ ಲಯದೋಷಕ್ಕೆ ಕ್ಯಾಥೆಟರ್ ಅಬ್ಲೇಶನ್ ಚಿಕಿತ್ಸೆಯನ್ನು ಸೂಚಿಸಿದಾಗ, ಆಸ್ಪತ್ರೆಯು ನೀಡುವ ಅಂದಾಜು ವೆಚ್ಚಪಟ್ಟಿಯಲ್ಲಿ ‘ತ್ರೀಡಿ ಮ್ಯಾಪಿಂಗ್’ ಎಂಬ ಬಾಬ್ತು ಪ್ರತ್ಯೇಕವಾಗಿ ನಮೂದಾಗಿರುವುದುಂಟು. ಕೆಲವೊಮ್ಮೆ ಯಂತ್ರದ ಹೆಸರೂ ಅದರಲ್ಲಿರುತ್ತದೆ. ಹೆಚ್ಚು ಬೆಲೆಯ ಅಥವಾ ಹೊಸ ಯಂತ್ರವಿಲ್ಲದಿದ್ದರೆ ಚಿಕಿತ್ಸೆ ಫಲಿಸುವುದಿಲ್ಲವೆಂಬ ಆತಂಕದಿಂದ ಸಾಲ ಮಾಡುವ ಇಲ್ಲವೆ ಚಿಕಿತ್ಸೆಯನ್ನೇ ಮುಂದೂಡುವ ಕುಟುಂಬಗಳಿವೆ. ಸದರಿ ಬಾಬ್ತು ಏನು, ಯಂತ್ರಗಳ ನಡುವಿನ ವ್ಯತ್ಯಾಸವೇನು, ಫಲಿತಾಂಶದ ಮೇಲೆ ಅದರ ಪರಿಣಾಮವೆಷ್ಟು ಎಂಬುದನ್ನು ಚಿಕಿತ್ಸಾ ನೆರವಿಗೆ ಅರ್ಜಿ ಸಲ್ಲಿಸುವ ನಾಗರಿಕರ ತಿಳಿವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ.

2. ರೋಗ ಹಾಗೂ ಚಿಕಿತ್ಸೆಯ ಸ್ವರೂಪ

ಹೃದಯದ ಮೇಲ್ಭಾಗದ ಎರಡು ಕೋಣೆಗಳಿಗೆ ಹೃತ್ಕರ್ಣಗಳೆಂದು ಹೆಸರು. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಈ ಕೋಣೆಗಳು ಕ್ರಮಬದ್ಧವಾಗಿ ಸಂಕುಚಿಸದೆ ಅದುರುತ್ತವೆ. ಇದರಿಂದ ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಸಾಗಿ ಪಾರ್ಶ್ವವಾಯು ಉಂಟಾಗುವ ಸಂಭವವಿರುತ್ತದೆ.

1998ರಲ್ಲಿ ಫ್ರಾನ್ಸ್ ದೇಶದ ಬೋರ್ಡೋ ನಗರದ ಡಾ. ಮಿಷೆಲ್ ಹೈಸಗೇರ್ ಮತ್ತು ಸಂಗಡಿಗರು 45 ರೋಗಿಗಳಲ್ಲಿ ಈ ಲಯದೋಷವನ್ನು ಪ್ರಚೋದಿಸುವ 69 ಕೇಂದ್ರಗಳನ್ನು ಗುರುತಿಸಿದರು. ಅವುಗಳಲ್ಲಿ ಶೇ. 94ರಷ್ಟು ಶ್ವಾಸಕೋಶದ ಅಭಿಧಮನಿಗಳ ಒಳಗಿದ್ದವು. ಈ ಅಭಿಧಮನಿಗಳು ಎಡ ಹೃತ್ಕರ್ಣವನ್ನು ಸೇರುವ ಬಾಯಿಯ ಸುತ್ತಲಿನ ಅಂಗಾಂಶವನ್ನು ಶಾಖದಿಂದ, ಶೀತದಿಂದ ಅಥವಾ ವಿದ್ಯುತ್ ಸ್ಪಂದನದಿಂದ ನಿಷ್ಕ್ರಿಯಗೊಳಿಸಿ, ತಪ್ಪು ಸಂಕೇತಗಳು ಹೃದಯವನ್ನು ತಲುಪದಂತೆ ಮಾಡುವುದೇ ಇಂದಿಗೂ ಈ ಚಿಕಿತ್ಸೆಯ ತಳಹದಿ.

3. ನಕ್ಷೆಯ ಅವಶ್ಯಕತೆ

ತೊಡೆಯ ಸಂದಿನ ರಕ್ತನಾಳದ ಮೂಲಕ ಒಯ್ಯುವ ತೆಳುವಾದ ಕ್ಯಾಥೆಟರ್ ಹೃದಯದೊಳಗೆ ಎಲ್ಲಿದೆ ಎಂಬುದನ್ನು ವೈದ್ಯರು ಕಣ್ಣಾರೆ ಕಾಣಲಾರರು. ಮೊದಲು ಕ್ಷ-ಕಿರಣದ ಚಿತ್ರವೊಂದೇ ಆಧಾರವಾಗಿತ್ತು. ನಕ್ಷೆ ಯಂತ್ರವು ಹೃತ್ಕರ್ಣದ ಮೂರು ಆಯಾಮದ ಆಕಾರವನ್ನು ಗಣಕಯಂತ್ರದ ಪರದೆಯ ಮೇಲೆ ರಚಿಸಿ, ಪ್ರತಿ ಬಿಂದುವಿನ ವಿದ್ಯುತ್ ಚಟುವಟಿಕೆಯನ್ನು ಬಣ್ಣಗಳಲ್ಲಿ ತೋರಿಸುತ್ತದೆ ಮತ್ತು ಚಿಕಿತ್ಸೆ ನೀಡಿದ ಬಿಂದುಗಳನ್ನು ಗುರುತಿಟ್ಟುಕೊಳ್ಳುತ್ತದೆ. ಇದರಿಂದ ಕ್ಷ-ಕಿರಣದ ಬಳಕೆ ಗಣನೀಯವಾಗಿ ತಗ್ಗುತ್ತದೆ.

4. ಪ್ರಮುಖ ತಂತ್ರಜ್ಞಾನಗಳು

(ಅ) ಕಾಂತಕ್ಷೇತ್ರ ಆಧಾರಿತ ವಿಧಾನ: ಕಾರ್ಟೋ ಯಂತ್ರವು ಇದಕ್ಕೆ ಉದಾಹರಣೆ. ಇದನ್ನು 1990ರ ದಶಕದಲ್ಲಿ ಇಸ್ರೇಲ್‌ನಲ್ಲಿ ಅಭಿವೃದ್ಧಿಪಡಿಸಲಾಯಿತು. ಮಂಚದ ಕೆಳಗಿನ ಸುರುಳಿಗಳು ಕ್ಷೀಣವಾದ ಕಾಂತಕ್ಷೇತ್ರವನ್ನು ಉಂಟುಮಾಡುತ್ತವೆ. ಕ್ಯಾಥೆಟರಿನ ತುದಿಯಲ್ಲಿರುವ ಸಂವೇದಕವು ಅದನ್ನು ಗ್ರಹಿಸಿ ತನ್ನ ಸ್ಥಾನವನ್ನು ತಿಳಿಸುತ್ತದೆ. ಸ್ಥಾನ ನಿರ್ಣಯ ನಿಖರವಾಗಿರುತ್ತದೆ. ಆದರೆ ಇದಕ್ಕೆಂದೇ ತಯಾರಾದ, ಸಂವೇದಕವುಳ್ಳ ಕ್ಯಾಥೆಟರ್ ಬೇಕಾಗುತ್ತದೆ.

(ಆ) ವಿದ್ಯುತ್ ಪ್ರತಿರೋಧ ಆಧಾರಿತ ವಿಧಾನ: ಎನ್‌ಸೈಟ್ ನ್ಯಾವ್‌ಎಕ್ಸ್ ಯಂತ್ರವು ಇದಕ್ಕೆ ಉದಾಹರಣೆ. ಮೈಮೇಲೆ ಅಂಟಿಸಿದ ಮೂರು ಜೊತೆ ಪಟ್ಟಿಗಳ ನಡುವೆ ಅತ್ಯಲ್ಪ ವಿದ್ಯುತ್ ಹರಿಸಿ, ಕ್ಯಾಥೆಟರ್ ಇರುವೆಡೆಯ ವಿದ್ಯುತ್ ಮಟ್ಟದಿಂದ ಅದರ ಸ್ಥಾನವನ್ನು ಲೆಕ್ಕ ಹಾಕಲಾಗುತ್ತದೆ. ಬೇರೆ ಬೇರೆ ತಯಾರಕರ ಕ್ಯಾಥೆಟರುಗಳನ್ನೂ ಬಳಸಬಹುದಾದುದು ಇದರ ಅನುಕೂಲ. ಉಸಿರಾಟ, ಮೈ ಅಲುಗಾಟ ಹಾಗೂ ದೇಹದ ದ್ರವಾಂಶದ ಬದಲಾವಣೆಯಿಂದ ನಕ್ಷೆ ಸ್ವಲ್ಪ ಸರಿಯಬಹುದಾದುದು ಇದರ ಮಿತಿ.

(ಇ) ಮಿಶ್ರ ವಿಧಾನ: ಮೇಲ್ಕಂಡ ಎರಡೂ ತತ್ವಗಳನ್ನು ಜೊತೆಗೂಡಿಸಿದ ಯಂತ್ರಗಳೇ ಈಗ ಹೆಚ್ಚು ಬಳಕೆಯಲ್ಲಿವೆ. 2009ರ ನಂತರದ ಕಾರ್ಟೋ 3, ಎನ್‌ಸೈಟ್‌ನ ಇತ್ತೀಚಿನ ಆವೃತ್ತಿಗಳು ಹಾಗೂ 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರಿದ್ಮಿಯಾ ಈ ವರ್ಗಕ್ಕೆ ಸೇರುತ್ತವೆ. ಹೀಗಾಗಿ ಯಂತ್ರಗಳ ನಡುವೆ ಹಿಂದೆ ಇದ್ದ ಅಂತರ ಕಿರಿದಾಗಿದೆ.

(ಈ) ಹೆಚ್ಚು ಸಾಂದ್ರತೆಯ ಕ್ಯಾಥೆಟರುಗಳು: ಐದು ಎಳೆಗಳಲ್ಲಿ 20 ಎಲೆಕ್ಟ್ರೋಡ್‌ಗಳುಳ್ಳ ಪೆಂಟಾರೇ, 16 ಎಲೆಕ್ಟ್ರೋಡ್‌ಗಳ ಚೌಕಾಕಾರದ ಎಚ್‌ಡಿ ಗ್ರಿಡ್ ಮತ್ತು 64 ಎಲೆಕ್ಟ್ರೋಡ್‌ಗಳ ಪುಟ್ಟ ಬುಟ್ಟಿಯಂತಹ ಓರಾಯನ್ ಇವು ಅಲ್ಪಾವಧಿಯಲ್ಲಿ ಸಾವಿರಾರು ಬಿಂದುಗಳ ಮಾಹಿತಿ ಸಂಗ್ರಹಿಸುತ್ತವೆ. ಯಂತ್ರದ ಬಾಬ್ತಿನ ಜೊತೆಗೆ ಇವುಗಳ ಬೆಲೆಯೂ ವೆಚ್ಚಪಟ್ಟಿಯಲ್ಲಿ ಸೇರಬಹುದು.

5. ಅಧ್ಯಯನಗಳಿಂದ ತಿಳಿದುಬಂದಿರುವುದು

ಏಟ್ರಿಯಲ್ ಫಿಬ್ರಿಲೇಶನ್‌ನ ಮೊದಲ ಚಿಕಿತ್ಸೆಯಲ್ಲಿ ಯಾವುದೇ ಒಂದು ನಕ್ಷೆ ಯಂತ್ರವು ಉಳಿದವುಗಳಿಗಿಂತ ಉತ್ತಮ ಫಲಿತಾಂಶ ನೀಡುತ್ತದೆಂದು ಸ್ಥಾಪಿತವಾಗಿಲ್ಲ. ಈ ವಿಷಯದಲ್ಲಿ ಕೆಳಕಂಡ ಅಂಶಗಳನ್ನು ಗಮನಿಸಬಹುದಾಗಿದೆ.

• 2016ರಲ್ಲಿ ಪ್ರಕಟವಾದ ಫೈರ್ ಅಂಡ್ ಐಸ್ ಅಧ್ಯಯನದಲ್ಲಿ, ಲಯದೋಷವು ಬಿಟ್ಟು ಬಿಟ್ಟು ಬರುತ್ತಿದ್ದ 762 ರೋಗಿಗಳ ಪೈಕಿ ಒಂದು ಗುಂಪಿಗೆ ತ್ರೀಡಿ ನಕ್ಷೆಯ ನೆರವಿನ ಶಾಖ ಚಿಕಿತ್ಸೆಯನ್ನೂ, ಮತ್ತೊಂದಕ್ಕೆ ಕ್ಷ-ಕಿರಣದ ಮಾರ್ಗದರ್ಶನದಲ್ಲಿ ಕ್ರಯೋ ಬಲೂನ್ ಎಂಬ ಶೀತ ಚಿಕಿತ್ಸೆಯನ್ನೂ ನೀಡಲಾಯಿತು. ಪರಿಣಾಮಕಾರಿತ್ವದಲ್ಲಿ ಶೀತ ಚಿಕಿತ್ಸೆ ಹಿಂದೆ ಬೀಳಲಿಲ್ಲ. ಅಂದರೆ, ತ್ರೀಡಿ ನಕ್ಷೆಯಿಲ್ಲದೆಯೂ ಅಂಗೀಕೃತ ಚಿಕಿತ್ಸೆ ಸಾಧ್ಯ.

• ಲಯದೋಷವು ಸತತವಾಗಿದ್ದ 589 ರೋಗಿಗಳನ್ನೊಳಗೊಂಡ, 2015ರಲ್ಲಿ ಪ್ರಕಟವಾದ ಸ್ಟಾರ್ ಎಎಫ್-2 ಅಧ್ಯಯನದಲ್ಲಿ, ಅಭಿಧಮನಿಗಳ ಚಿಕಿತ್ಸೆಯ ಜೊತೆಗೆ ನಕ್ಷೆಯಲ್ಲಿ ಕಂಡ ಇತರೆ ಭಾಗಗಳಿಗೂ ಚಿಕಿತ್ಸೆ ನೀಡಿದ್ದರಿಂದ ಹೆಚ್ಚುವರಿ ಲಾಭ ಕಂಡುಬರಲಿಲ್ಲ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಇಂತಹ ಭಾಗಗಳನ್ನು ಆರಿಸುವ ವಿಧಾನದ ಬಗ್ಗೆ 2025ರಲ್ಲಿ ಭರವಸೆಯ ಫಲಿತಾಂಶ ಪ್ರಕಟವಾಗಿದ್ದು, ಸಂಶೋಧನೆ ಮುಂದುವರಿದಿದೆ.

• ಮೊದಲ ಚಿಕಿತ್ಸೆಯ ನಂತರ ಲಯದೋಷ ಮರುಕಳಿಸಿದವರಲ್ಲಿ, ಹಿಂದೆ ಹೃದಯ ಶಸ್ತ್ರಚಿಕಿತ್ಸೆಯಾದವರಲ್ಲಿ ಹಾಗೂ ಏಟ್ರಿಯಲ್ ಫ್ಲಟರ್‌ನಂತಹ ಸುತ್ತುಮಾರ್ಗದ ಲಯದೋಷಗಳಲ್ಲಿ, ಸಂಕೇತವು ಎಲ್ಲಿ ನುಸುಳುತ್ತಿದೆ ಎಂಬುದನ್ನು ಪತ್ತೆ ಹಚ್ಚಲು ಸಾಂದ್ರ ನಕ್ಷೆಯು ಹೆಚ್ಚು ಪ್ರಯೋಜನಕಾರಿ. ಇಂತಹವರ ಪಟ್ಟಿಯಲ್ಲಿ ಈ ಬಾಬ್ತು ಇರುವುದು ಸಕಾರಣವಾಗಿರುತ್ತದೆ.

6. ಆರ್ಥಿಕ ನೆರವು ಕೋರುವವರು ಗಮನಿಸಬೇಕಾದುದು

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸಾ ವೆಚ್ಚವನ್ನು ನಿಗದಿತ ಪ್ಯಾಕೇಜ್ ದರದಂತೆ ಭರಿಸಲಾಗುತ್ತದೆ. ಆದುದರಿಂದ ದಾಖಲಾಗುವ ಮುನ್ನವೇ ಈ ಕೆಳಕಂಡವುಗಳನ್ನು ಆಸ್ಪತ್ರೆಯಿಂದ ಲಿಖಿತವಾಗಿ ಪಡೆಯುವುದು ಸೂಕ್ತ.

(1) ಲಯದೋಷದ ವಿಧ ಮತ್ತು ಸೂಚಿಸಿರುವ ಚಿಕಿತ್ಸೆಯ ಹೆಸರು.
(2) ನಕ್ಷೆ ಯಂತ್ರ ಹಾಗೂ ಕ್ಯಾಥೆಟರುಗಳ ವೆಚ್ಚವು ಪ್ಯಾಕೇಜಿನಲ್ಲಿ ಸೇರಿದೆಯೇ ಇಲ್ಲವೇ ಎಂಬ ವಿವರ.
(3) ಪ್ರತ್ಯೇಕ ದರ ವಿಧಿಸುವುದಾದಲ್ಲಿ ಅದರ ಮೊತ್ತ ಮತ್ತು ವೈದ್ಯಕೀಯ ಕಾರಣ.
(4) ಅದೇ ಆಸ್ಪತ್ರೆಯಲ್ಲಿ ಲಭ್ಯವಿರುವ ಪರ್ಯಾಯ ವಿಧಾನ ಮತ್ತು ಅದರ ವೆಚ್ಚ.

ಯಂತ್ರದ ಹೆಸರಿಗಿಂತ, ಆ ಆಸ್ಪತ್ರೆಯಲ್ಲಿ ವರ್ಷಕ್ಕೆ ಎಷ್ಟು ಅಬ್ಲೇಶನ್‌ಗಳು ನಡೆಯುತ್ತವೆ ಹಾಗೂ ತಂಡಕ್ಕೆ ಆ ಯಂತ್ರದಲ್ಲಿ ಎಷ್ಟು ಅನುಭವವಿದೆ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತವಾದುದು.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೃದಯದ ಕವಾಟದ ರೋಗವಿರುವವರಿಗೂ ಈ ಚಿಕಿತ್ಸೆ ಸಲ್ಲುವುದೇ?
ಉತ್ತರ: ನಮ್ಮಲ್ಲಿ ಸಂಧಿವಾತ ಜ್ವರದಿಂದ ಕವಾಟ ಕಿರಿದಾಗಿ ಈ ಲಯದೋಷ ಬಂದವರ ಸಂಖ್ಯೆ ಕಡಿಮೆಯಿಲ್ಲ. ಅಂತಹವರಲ್ಲಿ ಮೊದಲು ಕವಾಟದ ಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಅಬ್ಲೇಶನ್ ಬಗ್ಗೆ ಹೃದ್ರೋಗ ತಜ್ಞರು ತೀರ್ಮಾನಿಸುತ್ತಾರೆ.

ಪ್ರಶ್ನೆ: ಚಿಕಿತ್ಸೆಯಾದ ತಿಂಗಳೊಳಗೆ ಮತ್ತೆ ಲಯ ತಪ್ಪಿದರೆ ಯಂತ್ರ ಸರಿಯಿರಲಿಲ್ಲವೆಂದು ತಿಳಿಯಬೇಕೇ?
ಉತ್ತರ: ಇಲ್ಲ. ಮೊದಲ ಎರಡು ಮೂರು ತಿಂಗಳಲ್ಲಿ ಅಂಗಾಂಶ ಮಾಯುತ್ತಿರುವಾಗ ಹೀಗಾಗಬಹುದು. ಇದರಿಂದಲೇ ಚಿಕಿತ್ಸೆ ವಿಫಲವಾಯಿತೆಂದು ಭಾವಿಸಬಾರದು. ಆದರೆ ವೈದ್ಯರಿಗೆ ತಿಳಿಸತಕ್ಕದ್ದು.

ಪ್ರಶ್ನೆ: ಲಯ ಸರಿಯಾದ ಮೇಲೆ ರಕ್ತ ಹೆಪ್ಪುಗಟ್ಟದಂತೆ ನೀಡುವ ಔಷಧವನ್ನು ನಿಲ್ಲಿಸಬಹುದೇ?
ಉತ್ತರ: ಸ್ವಂತ ನಿರ್ಧಾರದಿಂದ ನಿಲ್ಲಿಸತಕ್ಕದ್ದಲ್ಲ. ಚಿಕಿತ್ಸೆಯ ನಂತರ ಕನಿಷ್ಠ ಎರಡು ಮೂರು ತಿಂಗಳು ಈ ಔಷಧ ಅವಶ್ಯ. ಆನಂತರ ರೋಗಿಯ ವಯಸ್ಸು, ರಕ್ತದೊತ್ತಡ, ಮಧುಮೇಹ, ಹಿಂದಿನ ಪಾರ್ಶ್ವವಾಯು ಮುಂತಾದ ಅಂಶಗಳನ್ನು ಪರಿಗಣಿಸಿ ವೈದ್ಯರು ನಿರ್ಧರಿಸುತ್ತಾರೆ.

8. ಸೂಚನೆ

ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ವೈದ್ಯರ ಸಲಹೆಗೆ ಪರ್ಯಾಯವಲ್ಲ. ಇಲ್ಲಿ ಹೆಸರಿಸಿದ ಯಾವುದೇ ಯಂತ್ರವನ್ನು ಶಿಫಾರಸು ಮಾಡಿರುವುದಿಲ್ಲ. ನಿರ್ದಿಷ್ಟ ಯಂತ್ರವೊಂದು ದೊರೆಯಲಿಲ್ಲವೆಂಬ ಒಂದೇ ಕಾರಣಕ್ಕಾಗಿ, ತಜ್ಞರನ್ನು ವಿಚಾರಿಸದೆ ಚಿಕಿತ್ಸೆಯನ್ನು ಮುಂದೂಡಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.